ಆಲಿಮ್ ಓದಿನ ಜೊತೆಗೆ ಸಮಾಜಕಾರ್ಯ ಪದವಿ: ಪಾಲಕರ ಗಮನಕ್ಕೆ



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ನಮ್ಮ ಮನೆಗಳಲ್ಲಿ ಕಷ್ಟ ಬಂದಾಗ ಜನ ಮೊದಲು ಹೋಗುವುದು ಮಸೀದಿಯ ಪೇಶ್ ಇಮಾಮರ ಹತ್ತಿರ. ವಿಧವಾ ವೇತನದ ಅರ್ಜಿ ನಿಂತಿದೆ, ಮಗ ಕುಡಿತಕ್ಕೆ ಬಿದ್ದಿದ್ದಾನೆ, ಸುಗ್ಗಿ ಮುಗಿದು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಇಲ್ಲದಾಗಿದೆ. ಇಮಾಮರು ದುಆ ಮಾಡುತ್ತಾರೆ, ಮಸಲಾ ತಿಳಿಸುತ್ತಾರೆ. ಆದರೆ ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕು, ಕುಡಿತ ಬಿಡಿಸಲು ಎಲ್ಲಿಗೆ ಕಳಿಸಬೇಕು ಎಂಬುದು ಮದರಸಾದ ಪಾಠದಲ್ಲಿ ಇರುವುದಿಲ್ಲ. ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು ಕಲಿಸುವುದು ಇದನ್ನೇ. ಜಕಾತ್ ಯಾರಿಗೆ ಸಲ್ಲಬೇಕೆಂದು ಫಿಕ್ಹ್ ಹೇಳುತ್ತದೆ. ಅಂಥವರನ್ನು ಹುಡುಕುವುದು, ಮಾನ ಹೋಗದಂತೆ ವಿಚಾರಿಸುವುದು, ಕೇಳಿದ್ದನ್ನು ಗುಟ್ಟಾಗಿಡುವುದು ಸಮಾಜಕಾರ್ಯದ ತರಬೇತಿಯಿಂದ ಬರುತ್ತದೆ.

ಎರಡನ್ನೂ ಒಟ್ಟಿಗೆ ಓದಬಹುದೇ ಎಂದು ಪಾಲಕರು ಕೇಳುತ್ತಾರೆ. ಓದಬಹುದು. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿಯೇ 2022ರ ಏಪ್ರಿಲ್‌ನಲ್ಲಿ ಅನುಮತಿ ನೀಡಿದೆ. ದೀನಿ ಮತ್ತು ಲೌಕಿಕ ಶಿಕ್ಷಣವನ್ನು ಕೂಡಿಸಿ ಕೊಡುವ, 1986ರಲ್ಲಿ ಕೇರಳದ ಚೆಮ್ಮಾಡಿನಲ್ಲಿ ಆರಂಭವಾದ ದಾರುಲ್ ಹುದಾ ಸಂಸ್ಥೆಯ ಕೇಂದ್ರ ನಮ್ಮ ಜಿಲ್ಲೆಯ ಹಾನಗಲ್ಲಿನಲ್ಲೂ ಇದೆ.

ತೊಡಕು ಇರುವುದು ಬೇರೆ ಕಡೆ. ಏಳನೆಯ ತರಗತಿ ಮುಗಿಸಿ ಮದರಸಾ ಸೇರಿದ ಮಗು ಏಳೆಂಟು ವರ್ಷದ ನಂತರ ಆಲಿಮ್ ಆಗುತ್ತದೆ, ಕೈಯಲ್ಲಿ ಎಸ್‌ಎಸ್‌ಎಲ್‌ಸಿ ಇರುವುದಿಲ್ಲ. ಅಲಿಗಢ, ಜಾಮಿಯಾ ಮಿಲ್ಲಿಯಾ, ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯಗಳು ಕೆಲವು ಮದರಸಾಗಳ ಸನದನ್ನು ಮಾನ್ಯ ಮಾಡುತ್ತವೆ. ಎಲ್ಲ ಮದರಸಾಗಳದ್ದಲ್ಲ, ಎಲ್ಲ ಕೋರ್ಸಿಗೂ ಅಲ್ಲ. ಆದ್ದರಿಂದ ಸನದನ್ನೊಂದೇ ನಂಬಿ ಕೂರಬಾರದು.

ನಾವು ಸೂಚಿಸುವ ಕ್ರಮ ಹೀಗಿದೆ:

1. ಮದರಸಾದಲ್ಲಿರುವಾಗಲೇ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ, ಇಲ್ಲವೇ ಎನ್‌ಐಒಎಸ್ ಮೂಲಕ 10 ಮತ್ತು 12ನೆಯ ತರಗತಿ ಮುಗಿಸಬೇಕು.

2. ಆಲಿಮ್ ಕೊನೆಯ ವರ್ಷಗಳಲ್ಲಿ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಅಥವಾ ಬಿಎಸ್‌ಡಬ್ಲ್ಯು ಸೇರಬೇಕು. ಮನೆಯಿಂದ ಓದುವ ಆಲಿಮಾ ಹೆಣ್ಣುಮಕ್ಕಳಿಗೂ ಇದು ಅನುಕೂಲ.

3. ಯಾವುದೇ ವಿಷಯದ ಪದವಿ ಇದ್ದವರು ಫಾಜಿಲ್ ಅಥವಾ ಇಫ್ತಾ ಓದಿನ ಜೊತೆಗೆ ಎರಡು ವರ್ಷದ ಎಂಎಸ್‌ಡಬ್ಲ್ಯು ಮಾಡಬಹುದು.

ಒಂದು ಎಚ್ಚರಿಕೆ: ದೂರಶಿಕ್ಷಣವಾದರೂ ಸಮಾಜಕಾರ್ಯದಲ್ಲಿ ಕ್ಷೇತ್ರಕಾರ್ಯ ಕಡ್ಡಾಯ. ಆಸ್ಪತ್ರೆ, ಬಾಲಮಂದಿರ, ಬಡಾವಣೆಗಳಿಗೆ ಹೋಗಿ ಕೆಲಸ ಮಾಡಿ ವರದಿ ಬರೆಯಬೇಕು. ಅದಕ್ಕೆ ಮದರಸಾದ ಉಸ್ತಾದರ ಒಪ್ಪಿಗೆ, ಬಿಡುವಿನ ದಿನ, ಬಸ್ ಖರ್ಚು ಬೇಕು. ಫೀ ಕಟ್ಟಿದ ಮಕ್ಕಳೂ ಇಲ್ಲಿಯೇ ನಿಂತುಬಿಡುತ್ತಾರೆ. ದಾನಿಗಳು ಫೀಯ ಜೊತೆ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕೋರುತ್ತೇವೆ.

ಅರ್ಜಿದಾರರು ಅಂಕಪಟ್ಟಿ, ಪ್ರವೇಶದ ರಸೀದಿ, ಮದರಸಾದ ಒಪ್ಪಿಗೆ ಪತ್ರ ಲಗತ್ತಿಸಬೇಕು. ಹತ್ತನೆಯ ತರಗತಿ ಇನ್ನೂ ಆಗದ ಮಕ್ಕಳ ಪಾಲಕರು ಮೊದಲು ನಮ್ಮನ್ನು ಕಾಣಲಿ. ಪರೀಕ್ಷೆಗೆ ಕೂರಿಸುವುದರಿಂದಲೇ ಆರಂಭಿಸೋಣ, ಇನ್‌ಶಾ ಅಲ್ಲಾಹ್.