ಹವಳದ ಕೇರಿಗೆ ಬಂದ ಅತಿಥಿಗಳು

ಕಡಲಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳಲ್ಲಿ ರತ್ನಾಕರವೆಂಬುದೂ ಒಂದು. ನವರತ್ನಗಳಲ್ಲಿ ಕಡಲಿನಿಂದ ಬಂದುವು ಎರಡೇ: ಮುತ್ತು ಮತ್ತು ಹವಳ. ಉಳಿದ ಏಳೂ ಕಲ್ಲುಗಳಾದರೆ, ಇವೆರಡು ಮಾತ್ರ ಜೀವಿಗಳ ಕೃತಿ. ಮುತ್ತು ಚಿಪ್ಪಿನೊಳಗೆ ಅಡಗಿ ಕುಳಿತಿರುತ್ತದೆ. ಅದನ್ನು ಕಾಣಬೇಕಾದರೆ ಚಿಪ್ಪನ್ನು ಒಡೆಯಬೇಕು. ಹವಳದ ಲೋಕವಾದರೋ ಊರಹಬ್ಬದ ಸಂತೆಯಂತೆ ಎದೆಮಟ್ಟದ ನೀರಿನಲ್ಲಿಯೇ ಬಿಚ್ಚಿ ಹರಡಿಕೊಂಡಿರುತ್ತದೆ. ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಬಾಗಿದ ಕೊಳವೆ, ಇಷ್ಟಿದ್ದರೆ ಸಾಕು. ಸಾಹಸಿಯಲ್ಲದ ಸಾಮಾನ್ಯ ಗೃಹಸ್ಥನೂ ಮಡದಿ ಮಕ್ಕಳೊಡನೆ ಆ ಸಂತೆಯನ್ನು ಸುತ್ತಿ ಬರಬಹುದು.

ಭಾರತದಲ್ಲಿ ಈ ದೃಶ್ಯಕ್ಕೆ ಹೆಸರಾದ ತಾಣಗಳಲ್ಲಿ ಅಂಡಮಾನ್ ದ್ವೀಪಸಮೂಹ ಪ್ರಮುಖವಾದುದು. ಒಂದು ಕಾಲಕ್ಕೆ ‘ಕರಿನೀರು’ ಎಂಬ ಮಾತಿನಿಂದಲೇ ಜನರ ಎದೆ ನಡುಗಿಸಿದ ಸೀಮೆ ಅದು. 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲರ್ ಸೆರೆಮನೆಯ ಗೋಡೆಗಳು ಇಂದಿಗೂ ಆ ಕಥೆಯನ್ನು ಹೇಳುತ್ತಿವೆ. ಆದರೆ ಅದೇ ನೀರು ಎಷ್ಟು ತಿಳಿಯಾದುದು, ಅದರ ಅಡಿಯಲ್ಲಿ ಎಂತಹ ಸಂಪತ್ತು ಇದೆ ಎಂಬುದು, ಸಂಕೋಲೆ ತೊಟ್ಟು ಅದನ್ನು ದಾಟಿದವರಿಗೆ ತಿಳಿಯುವ ಸಂಭವವೇ ಇರಲಿಲ್ಲ.

ರಾಜಧಾನಿಯಾದ ಶ್ರೀ ವಿಜಯಪುರಂ 2024ರವರೆಗೆ ಪೋರ್ಟ್ ಬ್ಲೇರ್ ಎಂಬ ಹೆಸರಿನ ನಗರ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ವಂಡೂರ್ ಎಂಬ ಹಳ್ಳಿಯಿದೆ. ಅದರ ಮುಂದಿನ ಕಡಲನ್ನೂ ಹದಿನೈದು ದ್ವೀಪಗಳನ್ನೂ ಸೇರಿಸಿ, ಸುಮಾರು 281 ಚದರ ಕಿಲೋಮೀಟರ್ ವಿಸ್ತಾರದ ಪ್ರದೇಶವನ್ನು ಸರ್ಕಾರವು 1983ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಇಂದು ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿದೆ. ವಂಡೂರಿನ ಕಟ್ಟೆಯಲ್ಲಿ ದೋಣಿಯೇರಿದ ಪ್ರವಾಸಿಗಳು ಮೊದಲು ಕಾಂಡ್ಲಾ ಗಿಡಗಳ ಹಸಿರು ಓಣಿಗಳನ್ನು ಹಾದು, ಬಳಿಕ ತೆರೆದ ನೀರಿಗೆ ಬರುತ್ತಾರೆ. ಮುಂದೆ ಕಾಣುವುದು ಜಾಲಿ ಬಾಯ್ ಎಂಬ ಪುಟ್ಟ ದ್ವೀಪ: ದಟ್ಟವಾದ ಕಾಡು, ಅದರ ಸೆರಗಿಗೆ ಬಿಳಿಯ ಮರಳಿನ ಅಂಚು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ರಾತ್ರಿ ತಂಗುವ ಅವಕಾಶವೂ ಇಲ್ಲ. ಬೆಳಗ್ಗೆ ಬಂದವರು ಹೊತ್ತು ಇಳಿಯುವ ಮುನ್ನ ಹಿಂದಿರುಗಲೇಬೇಕು.

ಮುಖವಾಡದ ಮಾಯೆ

ಬರಿಗಣ್ಣಿನಿಂದ ನೀರೊಳಗೆ ನೋಡಿದರೆ ಎಲ್ಲವೂ ಕಲಸಿದಂತೆ ಕಾಣುವುದೇಕೆ? ಮನುಷ್ಯನ ಕಣ್ಣು ಗಾಳಿಯಲ್ಲಿ ನೋಡುವುದಕ್ಕೆಂದು ರೂಪುಗೊಂಡುದು. ಗಾಳಿಯಿಂದ ಕಣ್ಣಿಗೆ ಬರುವ ಬೆಳಕು ಕಣ್ಣಿನ ಉಬ್ಬಿದ ಮೇಲ್ಮೈಯಲ್ಲಿ ಬಾಗಿ ಒಂದೆಡೆ ಕೂಡುತ್ತದೆ. ನೀರಿನಿಂದ ಬಂದ ಬೆಳಕು ಹಾಗೆ ಸಾಕಷ್ಟು ಬಾಗುವುದಿಲ್ಲ. ಮುಖವಾಡದ ಗಾಜು ಕಣ್ಣಿನ ಮುಂದೆ ಅಂಗೈಯಗಲ ಗಾಳಿಯನ್ನು ಹಿಡಿದಿಡುತ್ತದೆ. ಅಷ್ಟರಿಂದಲೇ ಮಂಜು ಸರಿದು ಲೋಕ ಸ್ಪಷ್ಟವಾಗುತ್ತದೆ. ಆದರೆ ಅಲ್ಲಿಯೂ ಒಂದು ಚಿಕ್ಕ ಮೋಸ ಉಂಟು. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿಯೂ ಹತ್ತಿರವಾಗಿಯೂ ತೋರುತ್ತವೆ. ಊರಿಗೆ ಬಂದು ‘ಮೊಳದುದ್ದದ ಮೀನು’ ಎಂದು ವರ್ಣಿಸುವ ಬಾಲಕನು ಸುಳ್ಳು ಹೇಳುತ್ತಿಲ್ಲ. ಅವನ ಕಣ್ಣು ಅವನಿಗೆ ಹಾಗೆಯೇ ಹೇಳಿದೆ.

ಸ್ನಾರ್ಕೆಲ್ ಎಂದು ಕರೆಯುವ ಕೊಳವೆಯ ಉದ್ದ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಅದನ್ನು ಇನ್ನೂ ಉದ್ದ ಮಾಡಿಕೊಂಡು ಆಳಕ್ಕೆ ಇಳಿಯಬಾರದೇ ಎಂಬ ಪ್ರಶ್ನೆ ಮಕ್ಕಳಿಂದ ಬಂದೇ ಬರುತ್ತದೆ. ಒಂದು ಮೀಟರ್ ಆಳದಲ್ಲಿಯೇ ಎದೆಯ ಮೇಲೆ ನೀರಿನ ಒತ್ತಡ ಎಷ್ಟಿರುತ್ತದೆಂದರೆ, ಆ ಭಾರವನ್ನು ಎತ್ತಿ ಮೇಲಿನ ಗಾಳಿಯನ್ನು ಒಳಗೆಳೆದುಕೊಳ್ಳುವ ಶಕ್ತಿ ಪಕ್ಕೆಲುಬುಗಳ ಸ್ನಾಯುಗಳಿಗೆ ಇರುವುದಿಲ್ಲ. ಅದೂ ಅಲ್ಲದೆ, ಉದ್ದವಾದ ಕೊಳವೆಯಲ್ಲಿ ಬಿಟ್ಟ ಉಸಿರೇ ಮರಳಿ ಬರುತ್ತದೆ. ಆದುದರಿಂದ ಇದು ಮುಳುಗುವ ಆಟವಲ್ಲ, ಬೋರಲಾಗಿ ತೇಲುವ ಆಟ. ಈಜು ಬಾರದವರು ತೇಲುಕವಚ ತೊಟ್ಟು ಮಾರ್ಗದರ್ಶಿಯ ಕೈಹಿಡಿದು ಹೋಗುತ್ತಾರೆ. ನೀರಿಗೆ ಇಳಿಯಲಾರದ ಹಿರಿಯರಿಗೆ ಗಾಜಿನ ತಳದ ದೋಣಿ ಉಂಟು. ಈ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆಗಳೂ ಇರುವುದರಿಂದ, ಅನುಮತಿಯಿರುವ ಜಾಗವನ್ನು ಬಿಟ್ಟು ಬೇರೆಡೆ ಯಾರೂ ಇಳಿಯತಕ್ಕದ್ದಲ್ಲ.

ನೀರಿನ ಅಡಿಯ ಬೀದಿಗಳು

ಮುಖ ನೀರಿಗೆ ತಾಗಿದೊಡನೆ ಮೇಲಿನ ಗದ್ದಲ ಅಡಗುತ್ತದೆ. ಕೇಳಿಸುವುದು ತನ್ನದೇ ಉಸಿರಾಟದ ಸದ್ದು. ಕೆಳಗೆ ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ, ಮಿದುಳಿನಂತೆ ಸುಕ್ಕುಸುಕ್ಕಾದ ಗುಂಡುಹವಳ, ಊಟದ ಮಣೆಯಂತೆ ಚಪ್ಪಟೆಯಾದ ಹವಳ ಸಾಲಾಗಿ ನಿಂತಿರುತ್ತವೆ. ಅಂಡಮಾನ್ ಮತ್ತು ನಿಕೋಬಾರಿನ ಕಡಲಿನಲ್ಲಿ ನಾನೂರಕ್ಕೂ ಮಿಕ್ಕಿದ ಜಾತಿಯ ಗಟ್ಟಿಹವಳಗಳನ್ನು ಗುರುತಿಸಲಾಗಿದೆ. ಕೆಂಪು ಬಣ್ಣವನ್ನು ನಿರೀಕ್ಷಿಸಿ ಬಂದವರಿಗೆ ಮೊದಲು ತುಸು ನಿರಾಶೆಯಾಗಬಹುದು. ಇಲ್ಲಿಯ ಹವಳಗಳಲ್ಲಿ ಹೆಚ್ಚಿನವು ಕಂದು, ಹಸಿರುಗಂದು, ಜೇನಿನ ಬಣ್ಣದವು. ಬಣ್ಣದ ಓಕುಳಿಯಾಡುವುವು ಅವುಗಳ ನಡುವೆ ಸುಳಿಯುವ ಮೀನುಗಳು. ಕಡಲಹೂವಿನ ವಿಷದ ಎಳೆಗಳ ನಡುವೆ ಕಿತ್ತಳೆ ಬಣ್ಣದ ಕೋಡಂಗಿಮೀನು ತವರಿನಲ್ಲಿರುವಂತೆ ನಿರ್ಭಯವಾಗಿ ಆಡುತ್ತದೆ. ಅದರ ಸಂಸಾರದಲ್ಲಿ ಯಜಮಾನಿಕೆ ಹೆಣ್ಣಿನದು; ಅದು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಟ್ಟು ಆ ಸ್ಥಾನಕ್ಕೆ ಬರುತ್ತದೆ.

ಕಿವಿಗೊಟ್ಟರೆ ‘ಕರಕರ’ ಎಂಬ ಸದ್ದೊಂದು ಕೇಳಿಬರುತ್ತದೆ. ಗಿಳಿಮೀನು ತನ್ನ ಕೊಕ್ಕಿನಂತಹ ಹಲ್ಲುಗಳಿಂದ ಹವಳದ ಕಲ್ಲನ್ನು ಹೆರೆದು, ಅದರ ಮೇಲಿನ ಪಾಚಿಯನ್ನು ತಿನ್ನುವ ಸದ್ದು ಅದು. ನುಂಗಿದ ಕಲ್ಲು ಅದರ ಹೊಟ್ಟೆಯಲ್ಲಿ ನುಣ್ಣಗೆ ಅರೆದು ಬಿಳಿಯ ಮರಳಾಗಿ ಹೊರಬರುತ್ತದೆ. ದೊಡ್ಡ ಜಾತಿಯ ಒಂದೊಂದು ಗಿಳಿಮೀನು ವರ್ಷವೊಂದಕ್ಕೆ ನೂರಾರು ಕಿಲೋಗ್ರಾಂ ಮರಳನ್ನು ಹೀಗೆ ಬೀಸಿ ಹಾಕಬಲ್ಲುದು. ದಡದಲ್ಲಿ ಮಕ್ಕಳು ಗುಬ್ಬಚ್ಚಿಯ ಗೂಡು ಕಟ್ಟುವ ಆ ಬೆಳ್ಳನೆಯ ಮರಳಿನ ಬಹುಪಾಲು ಇಂತಹ ಬೀಸುವ ಕಲ್ಲುಗಳಿಂದಲೇ ಬಂದುದು.

ಮರವೋ, ಕಲ್ಲೋ, ಪ್ರಾಣಿಯೋ?

ಹವಳ ಏನೆಂಬುದನ್ನು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಸಂಸ್ಕೃತದಲ್ಲಿ ಅದಕ್ಕೆ ‘ವಿದ್ರುಮ’ವೆಂಬ ಹೆಸರಿದೆ, ‘ದ್ರುಮ’ವೆಂದರೆ ಮರ. ಯೂರೋಪಿನವರೂ ಅದನ್ನು ಗಿಡವೆಂದೇ ಬಗೆದಿದ್ದರು. ಹದಿನೆಂಟನೆಯ ಶತಮಾನದ ಮೊದಲಲ್ಲಿ ಇಟಲಿಯ ಮಾರ್ಸಿಲಿ ಎಂಬ ವಿದ್ವಾಂಸನು ಹವಳದ ಕೊಂಬೆಯನ್ನು ಕಡಲ ನೀರಿನಲ್ಲಿಟ್ಟಾಗ ಅದರ ಮೇಲೆಲ್ಲ ಎಂಟು ಎಸಳಿನ ಬಿಳಿಯ ಹೂಗಳು ಅರಳಿದುದನ್ನು ಕಂಡು, ವಾದ ಮುಗಿಯಿತೆಂದು ಸಂತೋಷಪಟ್ಟನು. ಆದರೆ ಪೆಸೊನೆಲ್ ಎಂಬ ಮಾರ್ಸೇಲ್ಸ್ ನಗರದ ವೈದ್ಯನಿಗೆ ಸಮಾಧಾನವಾಗಲಿಲ್ಲ. 1720ರ ದಶಕದಲ್ಲಿ ಅವನು ಮತ್ತೆ ಮತ್ತೆ ಪರೀಕ್ಷಿಸಿ, ಮುಟ್ಟಿದರೆ ಮುದುಡಿಕೊಳ್ಳುವ ಆ ‘ಹೂಗಳು’ ಹೂಗಳಲ್ಲ, ಆಹಾರಕ್ಕಾಗಿ ಕೈಚಾಚುವ ಕಿರುಪ್ರಾಣಿಗಳು ಎಂದು ಬರೆದನು. ಆ ಕಾಲದ ದೊಡ್ಡ ವಿಜ್ಞಾನಿಯಾದ ರಿಯೋಮರ್ ಈ ಅಭಿಪ್ರಾಯವನ್ನು ಪ್ಯಾರಿಸಿನ ವಿದ್ವತ್ಸಭೆಯ ಮುಂದಿಟ್ಟಾಗ, ನಗೆಪಾಟಲಾಗದಿರಲೆಂದು ಬರೆದವನ ಹೆಸರನ್ನೇ ಮರೆಮಾಡಿದನಂತೆ! ಕೊನೆಗೆ 1740ರ ದಶಕದಲ್ಲಿ ಬೇರೆ ಸಂಶೋಧನೆಗಳು ಪೆಸೊನೆಲನ ಮಾತನ್ನೇ ಎತ್ತಿ ಹಿಡಿದುವು, ರಿಯೋಮರನೂ ಒಪ್ಪಿದನು.

ಹೆಂಗಳೆಯರ ಕೊರಳಿನ ಹವಳ ಮೆಡಿಟರೇನಿಯನ್ ಕಡಲಿನ ಕೆಂಪು ಜಾತಿಗೆ ಸೇರಿದುದು. ಅದು ಪ್ರಾಚೀನ ಕಾಲದಿಂದಲೂ ಭಾರತಕ್ಕೆ ಹಡಗುಗಳಲ್ಲಿ ಬರುತ್ತಿತ್ತು. ಅಂಡಮಾನಿನ ದಿಬ್ಬಗಳನ್ನು ಕಟ್ಟಿದುವು ಅದರ ದಾಯಾದಿಗಳು. ಇವುಗಳ ಬದುಕಿನಲ್ಲಿ ಒಂದು ಗುಟ್ಟಿದೆ. ಹವಳದ ಮೆತ್ತನೆಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಿಡಾರ ಹೂಡಿರುತ್ತವೆ. ಬಿಸಿಲಿನಿಂದ ಅಡುಗೆ ಮಾಡಿ, ಅದರ ಬಹುಪಾಲನ್ನು ಅವು ಮನೆಯೊಡೆಯನಿಗೆ ಬಡಿಸುತ್ತವೆ. ಹವಳವು ಅವಕ್ಕೆ ಇರಲು ಮನೆಯನ್ನೂ ಬೇಕಾದ ಸಾರವನ್ನೂ ಕೊಡುತ್ತದೆ. ಹವಳಕ್ಕೆ ಬಣ್ಣ ಬರುವುದೂ ಬಹುಮಟ್ಟಿಗೆ ಈ ಬಿಡಾರದವರಿಂದಲೇ. ಈ ಅನ್ನದ ಬಲದಿಂದ ಅದು ನೀರಿನ ಸುಣ್ಣವನ್ನು ಹೀರಿ ಕಲ್ಲಿನ ಮನೆ ಕಟ್ಟುತ್ತದೆ. ಕೆಲಸ ಮಾತ್ರ ನಿಧಾನ. ಗುಂಡುಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಮುಖವಾಡ ಸರಿಪಡಿಸಿಕೊಳ್ಳಲೆಂದು ಪ್ರವಾಸಿಯೊಬ್ಬನು ಕಾಲೂರುವ ಗುಂಡುಹವಳ ಅವನ ಮುತ್ತಜ್ಜನ ಕಾಲದ್ದಾಗಿರಬಹುದು.

ಕಡಲಿನ ದೇವರಕಾಡು

ಇಂತಹ ಕಟ್ಟಡಕ್ಕೆ ಕಾವಲು ಬೇಡವೇ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೂ ಸೇರಿದುವು. ಹುಲಿಗೆ ಇರುವ ರಕ್ಷಣೆ ಕಾನೂನಿನಲ್ಲಿ ಇವಕ್ಕೂ ಇದೆ. ಆದುದರಿಂದ ದಡದಲ್ಲಿ ಬಿದ್ದಿದ್ದ ತುಂಡೇ ಆದರೂ ನೆನಪಿಗೆಂದು ಪೆಟ್ಟಿಗೆಯಲ್ಲಿಟ್ಟುಕೊಂಡು ಬರುವುದು ತಪ್ಪು. ಜಾಲಿ ಬಾಯ್‌ಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಪ್ಲಾಸ್ಟಿಕ್ ಚೀಲ ಪೊಟ್ಟಣಗಳಿಗೆ ಅಲ್ಲಿ ಪ್ರವೇಶವಿಲ್ಲ. ಇವೆಲ್ಲಕ್ಕಿಂತ ವಿವೇಕದ ಏರ್ಪಾಡು ಇನ್ನೊಂದಿದೆ. ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡು ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ. ಒಂದಕ್ಕೆ ಪ್ರವಾಸಿಗಳು ಬರುವಾಗ ಇನ್ನೊಂದಕ್ಕೆ ವಿಶ್ರಾಂತಿ. ಹೊಲವನ್ನು ಬೀಳು ಬಿಡುವ ರೈತನ ಅನುಭವವೂ, ದೇವರಕಾಡಿಗೆ ಕೊಡಲಿಯನ್ನು ಒಯ್ಯದ ಕೊಡಗಿನ ಹಿರಿಯರ ನೇಮವೂ ಇಲ್ಲಿ ಕಡಲಿಗೆ ಇಳಿದು ಬಂದಂತಿವೆ.

ಕಾವಲುಗಾರನು ಎಲ್ಲ ಕಡೆಯೂ ಇರಲಾರ. ಉಳಿದುದು ಅತಿಥಿಯ ಸೌಜನ್ಯಕ್ಕೆ ಬಿಟ್ಟುದು. ಹವಳದ ಮೇಲೆ ನಿಲ್ಲದಿರುವುದು, ಯಾವುದನ್ನೂ ಮುಟ್ಟದಿರುವುದು, ಮೀನುಗಳಿಗೆ ರೊಟ್ಟಿಯ ಚೂರನ್ನು ಎಸೆಯದಿರುವುದು, ಇವು ಮಕ್ಕಳೂ ಪಾಲಿಸಬಹುದಾದ ನಿಯಮಗಳು. ಬಿಸಿಲಿಗೆಂದು ಮೈಗೆ ಬಳಿದುಕೊಳ್ಳುವ ಲೇಪಗಳಲ್ಲಿ ಕೆಲವು ಹವಳಕ್ಕೆ ಹಾನಿಕರವೆಂಬ ಕಾರಣದಿಂದ ಪಲಾವು ದೇಶ 2020ರಲ್ಲಿಯೂ ಹವಾಯಿ ದ್ವೀಪಗಳು 2021ರಲ್ಲಿಯೂ ಅವುಗಳನ್ನು ನಿಷೇಧಿಸಿದುವು. ಲೇಪಕ್ಕಿಂತ ತುಂಬುತೋಳಿನ ಈಜುಡುಗೆ ಮೇಲು; ಚರ್ಮಕ್ಕೂ ಹಿತ, ಹವಳಕ್ಕೂ ಹಿತ.

ಬೆಳ್ಳಗಾದ ಕೇರಿ

ಕೈಕಾಲುಗಳ ಕಾಟವನ್ನು ಕಾಯಿದೆ ತಡೆಯಬಲ್ಲುದು. ಪ್ರಕೃತಿಯ ಪೆಟ್ಟನ್ನು ತಡೆಯಲಾರದು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ನೆಲ ಮೇಲೆದ್ದಿತು. ಅದರೊಂದಿಗೆ ಮೇಲೆದ್ದ ಹವಳದ ದಿಬ್ಬಗಳು ನೀರಿನಿಂದ ಹೊರಬಿದ್ದು ಬಿಸಿಲಿಗೆ ಸತ್ತುವು. ಆದರೆ ಅಂತಹ ಭೂಕಂಪ ಶತಮಾನಗಳಿಗೊಮ್ಮೆ ಬರುವುದು. ಈಗ ಬಂದಿರುವ ಶತ್ರು ಬೇರೆ: ಕಡಲಿನ ಕಾವು. ಬೇಸಗೆಯ ಸಾಮಾನ್ಯ ಶಾಖಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತಿತೆಂದರೆ ಹವಳವು ತನಗೆ ಅನ್ನವಿಡುತ್ತಿದ್ದ ಪಾಚಿಯನ್ನೇ ಹೊರದೂಡುತ್ತದೆ. ಬಣ್ಣ ಹೋಗಿ ಒಳಗಿನ ಸುಣ್ಣದ ಬಿಳುಪು ಕಾಣತೊಡಗುತ್ತದೆ. ತಿಳಿಯದವರ ಕಣ್ಣಿಗೆ ಅದು ಹಾಲುಗಲ್ಲಿನ ಶಿಲ್ಪದಂತೆ ಸೊಗಸಾಗಿ ತೋರಬಹುದು. ವಾಸ್ತವವಾಗಿ ಅದು ಹಸಿವಿನ ಬಿಳುಪು. ಕಾವು ಬೇಗ ಇಳಿದರೆ ಪಾಚಿ ಮರಳಿ ಬಂದು ಜೀವ ಉಳಿಯುತ್ತದೆ. ಇಳಿಯದಿದ್ದರೆ ಹವಳ ಸಾಯುತ್ತದೆ.

1998ರಲ್ಲಿ, 2010ರಲ್ಲಿ, 2016ರಲ್ಲಿ ಭಾರತದ ಹವಳದ ದಿಬ್ಬಗಳು ಹೀಗೆ ಬೆಳ್ಳಗಾದುವು. 2010ರ ಬೇಸಗೆಯಲ್ಲಿ ಅಂಡಮಾನಿಗೆ ಬಿದ್ದ ಪೆಟ್ಟು ದೊಡ್ಡದು. 2024ರ ಏಪ್ರಿಲಿನಲ್ಲಿ ಜಗತ್ತಿನ ಕಡಲುಗಳಲ್ಲೆಲ್ಲ ನಾಲ್ಕನೆಯ ಸಲ ಇಂತಹ ಬಿಳುಪು ಹರಡಿದೆಯೆಂದು ವಿಜ್ಞಾನಿಗಳು ಸಾರಿದರು. ಬೇಗ ಬೆಳೆಯುವ ಹವಳಗಳಿಗೂ ಚೇತರಿಸಿಕೊಳ್ಳಲು ಹತ್ತು ವರ್ಷವಾದರೂ ಬೇಕು. ಕಾವು ಅಷ್ಟು ಬಿಡುವು ಕೊಡುತ್ತಿಲ್ಲ. ಭೂಮಿಯ ಸರಾಸರಿ ಶಾಖ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಒಂದೂವರೆ ಡಿಗ್ರಿ ಏರಿದರೆ ಜಗತ್ತಿನ ಹವಳದ ದಿಬ್ಬಗಳಲ್ಲಿ ನೂರಕ್ಕೆ 70ರಿಂದ 90ರಷ್ಟು ನಶಿಸುವುವೆಂದೂ, ಎರಡು ಡಿಗ್ರಿಯಾದರೆ ಬಹುತೇಕ ಎಲ್ಲವೂ ಅಳಿಯುವುವೆಂದೂ 2018ರಲ್ಲಿ ವಿಶ್ವಸಂಸ್ಥೆಯ ವಿಜ್ಞಾನಿಮಂಡಲಿ ಎಚ್ಚರಿಸಿದೆ. ಕಡಲತಳದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಈ ದಿಬ್ಬಗಳನ್ನು ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗ ನೆಚ್ಚಿಕೊಂಡಿವೆ. ಕೇರಿ ಹಾಳಾದರೆ ಒಕ್ಕಲು ಎಲ್ಲಿಗೆ ಹೋದಾವು?

ಹಾಗಾದರೆ ಅನುಮತಿಪತ್ರ, ಸರದಿ, ನಿಷೇಧಗಳೆಲ್ಲ ವ್ಯರ್ಥವೇ? ಹಾಗೆನ್ನಲಾಗದು. ಜ್ವರ ಬಂದಾಗ ಬಡಕಲು ಮೈಗಿಂತ ಪುಷ್ಟವಾದ ಮೈ ಬೇಗ ಚೇತರಿಸಿಕೊಳ್ಳುತ್ತದೆ. ಗಿಳಿಮೀನುಗಳಿದ್ದ ಕಡೆ ಕಲ್ಲಿನ ಮೇಲೆ ಪಾಚಿ ದಟ್ಟೈಸುವುದಿಲ್ಲ. ನೀರಿನಲ್ಲಿ ತೇಲಿಬರುವ ಹವಳದ ಮರಿಗಳಿಗೆ ಬೇರೂರಲು ಅಲ್ಲಿ ಎಡೆ ಸಿಗುತ್ತದೆ. ತುಳಿಯದ, ದೋಚದ, ಹೊಲಸು ಮಾಡದ ದಿಬ್ಬವು ಮುಂದಿನ ಬೇಸಗೆಯನ್ನು ತುಸು ಹೆಚ್ಚಿನ ಬಲದಿಂದ ಎದುರಿಸುತ್ತದೆ. ಕಡಲಿನ ಕಾವನ್ನು ಇಳಿಸುವುದು ರಾಷ್ಟ್ರಗಳೆಲ್ಲ ಕೂಡಿ ಮಾಡಬೇಕಾದ ಕೆಲಸ. ಅದಾಗುವವರೆಗೆ ಹವಳಕ್ಕೆ ಉಸಿರು ಹಿಡಿದುಕೊಂಡಿರಲು ಬೇಕಾದ ಅವಕಾಶವನ್ನು ಈ ಚಿಕ್ಕಪುಟ್ಟ ನೇಮಗಳು ದೊರಕಿಸಿಕೊಡುತ್ತವೆ.

ಸಂಜೆಯ ದೋಣಿ ವಂಡೂರಿನತ್ತ ತಿರುಗಿದಾಗ ಪ್ರವಾಸಿಗಳ ಕೈ ಬರಿದಾಗಿಯೇ ಇರುತ್ತದೆ. ಚಿಪ್ಪಿಲ್ಲ, ಹವಳದ ಚೂರಿಲ್ಲ. ಮಕ್ಕಳ ಬಾಯಿಯಲ್ಲಿ ಮೀನುಗಳ ಮಾತು ಮಾತ್ರ. ಹಿಂದೆ ಉಳಿದ ದ್ವೀಪದ ಬಳಿ, ಕತ್ತಲಾಗುತ್ತಿದ್ದಂತೆ, ಹಗಲೆಲ್ಲ ಮುದುಡಿದ್ದ ಸಾವಿರಾರು ಕಿರುಜೀವಿಗಳು ಮನೆಯ ಬಾಗಿಲು ತೆರೆದು ಆಹಾರಕ್ಕಾಗಿ ಕೈಚಾಚತೊಡಗುತ್ತವೆ. ಮುಂದೊಂದು ರಜೆಯಲ್ಲಿ ಈ ಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಾಗಲೂ ಅವು ಅಲ್ಲಿರಬೇಕು.