‘ಚೋಮನ ದುಡಿ’: ಕಾದಂಬರಿಯಿಂದ ಚಲನಚಿತ್ರಕ್ಕೆ

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾದುದು 1933ರಲ್ಲಿ. ಬಿ. ವಿ. ಕಾರಂತರು ಅದನ್ನು ಚಲನಚಿತ್ರವಾಗಿಸಿದುದು 1975ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ದೇಶ ಸ್ವತಂತ್ರವಾಯಿತು; ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹ ಅಪರಾಧವೆನಿಸಿತು. ಆದರೂ ಚೋಮನ ಬಯಕೆ ಹಳೆಯ ಕಾಲದ ಕಥೆಯಾಗಿ ಉಳಿಯಲಿಲ್ಲ.

ತುಳುನಾಡಿನ ಅಸ್ಪೃಶ್ಯ ಸಮುದಾಯಕ್ಕೆ ಸೇರಿದ ಚೋಮ ಧಣಿ ಸಂಕಪ್ಪಯ್ಯನ ಆಳು. ಕಾಡಿನಲ್ಲಿ ಸಿಕ್ಕ ಕರುಗಳನ್ನು ಸಾಕಿ ಎತ್ತುಗಳನ್ನಾಗಿ ಬೆಳೆಸಿದ್ದರೂ ಅವನಿಗೆ ಉಳಲು ಗದ್ದೆಯಿಲ್ಲ. ಅವನ ಜಾತಿಯವರು ಬೇಸಾಯಗಾರರಾಗುವುದು ಊರಿನ ಕಟ್ಟಳೆಗೆ ವಿರುದ್ಧ. ಧಣಿಯ ಮನಸ್ಸು ಕೊಂಚ ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬನು ಜ್ವರಕ್ಕೆ ಬಲಿಯಾದರೆ, ಇನ್ನೊಬ್ಬನು ಮತಾಂತರಗೊಂಡು ದೂರವಾಗುತ್ತಾನೆ. ನೀರಿನಲ್ಲಿ ಮುಳುಗುವ ಕಿರಿಯ ಮಗನನ್ನು ಮೈಲಿಗೆಯ ಭಯದಿಂದ ಯಾರೂ ಮೇಲೆತ್ತುವುದಿಲ್ಲ.

ಜಾನಪದ ಅಧ್ಯಯನದ ದೃಷ್ಟಿಯಿಂದ ಕೃತಿಯ ಕೇಂದ್ರವಿರುವುದು ದುಡಿಯಲ್ಲಿ. ಹಾಡು, ಕುಣಿತಗಳೊಡನೆ ನುಡಿಯುವ ಈ ಚರ್ಮವಾದ್ಯ ಮೂಲತಃ ಸಮೂಹದ್ದು. ಚೋಮನ ಕೈಯಲ್ಲಿ ಅದು ಒಂಟಿ ಮನುಷ್ಯನ ಮಾತಾಗುತ್ತದೆ. ಧಣಿಯ ಎದುರು ಆಡಲಾಗದ ಸಿಟ್ಟು, ಸಂಕಟಗಳನ್ನು ಅವನು ಗುಡಿಸಲಿನಲ್ಲಿ ಬಾರಿಸಿ ಹೇಳುತ್ತಾನೆ. ಕಾದಂಬರಿ ಈ ನಾದವನ್ನು ವರ್ಣಿಸಬಲ್ಲದು. ಚಲನಚಿತ್ರ ಅದನ್ನು ಕೇಳಿಸಬಲ್ಲದು. ನಿರ್ದೇಶಕರೇ ಸಂಗೀತ ನಿರ್ದೇಶಕರೂ ಆಗಿದ್ದುದು ಇಲ್ಲಿ ಫಲ ನೀಡಿತು. ದಕ್ಷಿಣ ಕನ್ನಡದವರೇ ಆದ ಬಿ. ವಿ. ಕಾರಂತರಿಗೆ ದುಡಿ ಹಿನ್ನೆಲೆಯ ಅಲಂಕಾರವಾಗಿರದೆ ಒಂದು ಪಾತ್ರವೇ ಆಗಿತ್ತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಆ ಬದುಕಿನ ಬಡತನವನ್ನು ಅಂದಗೊಳಿಸದೆ ತೋರಿಸಿತು. ಎತ್ತುಗಳನ್ನು ಬಿಟ್ಟುಕೊಟ್ಟು, ನೇಗಿಲನ್ನು ಮುರಿದು, ಚೋಮ ಕೊನೆಯ ಬಾರಿಗೆ ಬಾರಿಸುವ ದುಡಿ ನಿಂತಾಗ ಉಂಟಾಗುವ ಮೌನವೇ ಅವನ ಸಾವಿನ ಸುದ್ದಿ.

ಚಿತ್ರ ತೆರೆಗೆ ಬಂದ ಕಾಲವೂ ಗಮನಾರ್ಹ. ಉಳುವವನನ್ನೇ ಒಡೆಯನನ್ನಾಗಿಸುವ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತ್ತು. ಜೀತಪದ್ಧತಿಯನ್ನು ರದ್ದುಗೊಳಿಸಿದ ಕೇಂದ್ರದ ಸುಗ್ರೀವಾಜ್ಞೆ ಹೊರಟಿದ್ದು 1975ರ ಅಕ್ಟೋಬರ್‌ನಲ್ಲಿ. ಮೊದಲ ಕಾನೂನು ಗೇಣಿದಾರನಿಗೆ ಭೂಮಿಯ ಹಕ್ಕನ್ನು ಕೊಟ್ಟಿತು. ಆದರೆ ಚೋಮ ಗೇಣಿದಾರನಲ್ಲ. ಗೇಣಿಗೆ ಗದ್ದೆ ಸಿಗಲೆಂಬುದೇ ಅವನ ಜೀವಮಾನದ ಆಸೆ. ಉಳುವ ಅವಕಾಶವೇ ಇಲ್ಲದವನು ಉಳುವವನೆಂದು ಅರ್ಜಿ ಸಲ್ಲಿಸುವುದಾದರೂ ಹೇಗೆ? ಸುಧಾರಣೆಯ ಸಂಭ್ರಮದ ದಿನಗಳಲ್ಲಿ ಚಿತ್ರ ಈ ಪ್ರಶ್ನೆಯನ್ನು ಜನರ ಮುಂದಿಟ್ಟಿತು.

‘ಸಂಸ್ಕಾರ’ದ (1970) ತರುವಾಯ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಎರಡನೆಯ ಚಿತ್ರ ‘ಚೋಮನ ದುಡಿ’. ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾವ್ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಮುಂದೆ ಮೃಣಾಲ್ ಸೇನ್ ಅವರು ಪ್ರೇಮಚಂದರ ಕಥೆಯನ್ನಾಧರಿಸಿ ತೆಲುಗಿನಲ್ಲಿ ‘ಒಕ ಊರಿ ಕಥ’ (1977) ನಿರ್ಮಿಸಿದಾಗ ಮುಖ್ಯ ಪಾತ್ರಕ್ಕೆ ಅವರನ್ನೇ ಆರಿಸಿಕೊಂಡರು.

ದುಡಿಯಂತಹ ವಾದ್ಯಗಳು ಕ್ರಮೇಣ ಉತ್ಸವಗಳ ವೇದಿಕೆಗಳನ್ನೂ ಏರಿವೆ. ಇದು ಸ್ವಾಗತಾರ್ಹ. ಆದರೆ ವಾದ್ಯಕ್ಕೆ ದೊರೆತ ಮನ್ನಣೆ ಬಾರಿಸುವವನ ನೆಲದ ಹಕ್ಕಿಗೆ ಬದಲಿಯಾಗದು ಎಂಬುದನ್ನು ಈ ಚಿತ್ರ ನೆನಪಿಸುತ್ತದೆ.