ನಲವತ್ತೊಂದರಲ್ಲಿ ವಿದೇಶಕ್ಕೆ ಅರ್ಜಿ

“ಮ್ಯಾಮ್, ಈ ವಯಸ್ಸಲ್ಲಿ ನಿಮ್ಮನ್ನು ಅಲ್ಲಿ ಸೇರಿಸಿಕೊಳ್ಳುತ್ತಾರಾ?” ಎಂದು ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ನನಗೆ 41 ವರ್ಷ. ಹದಿನಾರು ವರ್ಷಗಳಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಸಾರ್ವಜನಿಕ ಆರೋಗ್ಯ ವಿಷಯದ ಸ್ನಾತಕೋತ್ತರ ಪದವಿಗಾಗಿ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದೇನೆ. ಅವಳ ಪ್ರಶ್ನೆಗೆ ಉತ್ತರ ಇಲ್ಲಿದೆ.

ಸೇರಿಸಿಕೊಳ್ಳುತ್ತಾರೆ. ಅಲ್ಲಿ ಪದವಿ ತರಗತಿಗೆ 21 ದಾಟಿದ ಮೇಲೆ ಸೇರುವವರನ್ನೇ ‘ಮೆಚ್ಯೂರ್ ಸ್ಟೂಡೆಂಟ್’ ಎನ್ನುತ್ತಾರೆ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಗರಿಷ್ಠ ವಯೋಮಿತಿಯೇ ಇಲ್ಲ. ಬದಲಿಗೆ ಕನಿಷ್ಠ ಎರಡು ವರ್ಷಗಳ ಕೆಲಸದ ಅನುಭವ ಬೇಕು.

ನನ್ನನ್ನು ಕಾಡಿದ್ದು ವಯಸ್ಸಲ್ಲ, ಕಾಗದಪತ್ರ. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರಿದೆ. ಆ ಹೆಸರೂ ಒಂದು ಕಡೆ ‘ಮೊಹಮ್ಮದ್’, ಇನ್ನೊಂದು ಕಡೆ ‘ಮುಹಮ್ಮದ್’. ಇಬ್ಬರೂ ಒಬ್ಬಳೇ ಎಂದು ತೋರಿಸಲು ನೋಟರಿಯ ಬಳಿ ಅಫಿಡವಿಟ್ ಮಾಡಿಸಬೇಕಾಯಿತು. ಹಳೆಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬರಲು ಎರಡು ತಿಂಗಳು ಹಿಡಿಯಿತು.

ಎರಡನೆಯದು ಶಿಫಾರಸು ಪತ್ರ. ನನಗೆ ಪಾಠ ಮಾಡಿದವರಲ್ಲಿ ಹಲವರು ನಿವೃತ್ತರಾಗಿದ್ದಾರೆ. ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿದೆ. ಕೆಲಸದ ಕಡೆಯಿಂದ ಬಂದ ಪತ್ರವೂ ಆದೀತು ಎಂದರು. ಒಂದನ್ನು ನಮ್ಮ ಪ್ರಾಂಶುಪಾಲರು ಕೊಟ್ಟರು. ಇನ್ನು ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಮಾನ್ಯತೆ. ಆದ್ದರಿಂದ ಅದನ್ನು ಮೊದಲೇ ಬರೆದಿಡದೆ ಅರ್ಜಿಯ ವರ್ಷದಲ್ಲೇ ಬರೆದೆ.

ಮೂರನೆಯದು ಉದ್ದೇಶ ಪತ್ರ. ಮೊದಲ ಕರಡಿನಲ್ಲಿ ತಡವಾಗಿದ್ದಕ್ಕೆ ಕ್ಷಮೆ ಕೇಳುವಂತೆ ಬರೆದಿದ್ದೆ. ಅದನ್ನು ಹರಿದು, ನನ್ನ ವಿದ್ಯಾರ್ಥಿನಿಯರಲ್ಲಿ ನಾನು ಕಂಡ ರಕ್ತಹೀನತೆಯ ಬಗ್ಗೆ, ಅದನ್ನು ಸರಿಯಾಗಿ ಅಧ್ಯಯನ ಮಾಡುವ ಆಸೆಯ ಬಗ್ಗೆ ಬರೆದೆ. ಇಪ್ಪತ್ತೆರಡರಲ್ಲಿ ಇದನ್ನು ಬರೆಯಲು ನನ್ನಿಂದ ಆಗುತ್ತಿರಲಿಲ್ಲ.

ಹಣದ ವಿಷಯದಲ್ಲಿ ನಿಯಮ ಬಿಗಿ. ಬಾಕಿ ಶುಲ್ಕ ಮತ್ತು ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚ ಸತತ 28 ದಿನ ಬ್ಯಾಂಕ್ ಖಾತೆಯಲ್ಲಿರಬೇಕು. ಒಂದು ದಿನ ಕಡಿಮೆಯಾದರೂ ಲೆಕ್ಕ ಮತ್ತೆ ಮೊದಲಿಂದ.

ಎಲ್ಲಕ್ಕಿಂತ ಕಷ್ಟದ್ದು ಬೇರೆ. 2024ರ ಜನವರಿಯಿಂದ ಸಂಶೋಧನಾ ಪದವಿಯವರು ಮತ್ತು ಸರ್ಕಾರಿ ವಿದ್ಯಾರ್ಥಿವೇತನ ಪಡೆದ ಕೆಲವರನ್ನು ಬಿಟ್ಟರೆ ಉಳಿದ ಹೊಸ ವಿದ್ಯಾರ್ಥಿಗಳು ಕುಟುಂಬವನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ನನ್ನ ಮಗಳು ಒಂಬತ್ತನೇ ತರಗತಿ. ನಾನು ಒಂದೇ ವರ್ಷದ ಕೋರ್ಸ್ ಆರಿಸಿದ್ದು ಅದಕ್ಕಾಗಿಯೇ. ಆದರೂ ಅವಳ ಎಸ್ಸೆಸ್ಸೆಲ್ಸಿ ವರ್ಷದಲ್ಲೇ ನಾನು ಮನೆಯಲ್ಲಿರುವುದಿಲ್ಲ. ಉಮ್ಮ, “ಹೋಗಿ ಬಾ, ಅವಳನ್ನು ನಾನು ನೋಡಿಕೊಳ್ಳುತ್ತೇನೆ” ಎಂದಿದ್ದಾರೆ. ಮಗಳು ಇನ್ನೂ ಏನೂ ಹೇಳಿಲ್ಲ. ಆಫರ್ ಪತ್ರ ಬಂದಿದೆ, ಮುಂಗಡ ಕಟ್ಟಲು ತಿಂಗಳ ಕೊನೆಯವರೆಗೆ ಸಮಯವಿದೆ. ಅವಳ ಜೊತೆ ಕೂತು ಮಾತಾಡದೆ ನಾನು ಹಣ ಕಟ್ಟುವುದಿಲ್ಲ.

ನಿಮಗೆ ಇಷ್ಟು ಹೇಳುತ್ತೇನೆ. ಓದಿಗೆ ವಯಸ್ಸು ಮೀರುವುದಿಲ್ಲ. ಆದರೆ ಹದಿನೇಳರಲ್ಲಿ ಹೊರುವ ಜವಾಬ್ದಾರಿಯೇ ಬೇರೆ, ನಲವತ್ತರಲ್ಲಿ ಹೊರುವುದೇ ಬೇರೆ. ಇವತ್ತು ಮನೆಗೆ ಹೋದ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ಕಾಲೇಜಿನ ಕಚೇರಿಗೆ ಬಂದು ವಿಚಾರಿಸಿ, ಈಗಲೇ ಸರಿಪಡಿಸಿಕೊಳ್ಳಿ.